ದಿನಕ್ಕೆ ಐದು ನಿಜವಾದ ವಾಕ್ಯ

"ಥೂ! ಏನ್ರೀ ಇದು?"

ನೋಟ್‌ಬುಕ್ಕನ್ನು ಎರಡೇ ಬೆರಳಲ್ಲಿ ಹಿಡಿದು ಅವಳು ಅವನ ಮುಂದೆ ಎಸೆದಳು. 'ಬುಗ್ಯೂನ್ ಬೊರುದಾ ಒಲ್ಯು ಬಿರ್ ಫಾರೆ ಬುಲ್ದುಮ್.' ಇವತ್ತು ಪೈಪಿನಲ್ಲಿ ಸತ್ತ ಇಲಿ ಸಿಕ್ಕಿತು!

"ನಡೆದದ್ದೇ ಬರೆದೆ..."

"ನಾಳೆ ಬೇರೇನಾದ್ರೂ ನಡೀಲಿ!"

ಸಂಜೆಯ ಟರ್ಕಿಶ್ ತರಗತಿಯ ಟೀಚರ್ ಇಟ್ಟ ನಿಯಮ ಅದು. ದಿನಕ್ಕೆ ಐದು ವಾಕ್ಯ, ಆವತ್ತು ನಡೆದದ್ದೇ ಬರೆಯಬೇಕು. ಜೋಡಿಯಾಗಿ ಕೂತವರು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಅವಳ ಅಣ್ಣ ಕೈಹಿಡಿದವಳ ಮಾತು ಟರ್ಕಿಶ್. ಅತ್ತಿಗೆ ಮನೆಗೆ ಬಂದಾಗ ನಾಲ್ಕು ಮಾತಾಡೋಣವೆಂದು ಇವಳು ಸೇರಿದರೆ, ಜೋಡಿಯಾಗಿ ಸಿಕ್ಕವನು ಚರಂಡಿ ಪೈಪು ತೊಳೆಯುವವನು! ಅವನ ಹೊಸ ಯಂತ್ರ ಕಲಿಸಲು ಬರುವವರಿಗೆ ಟರ್ಕಿಶ್ ಬಿಟ್ಟರೆ ಬೇರೆ ಭಾಷೆ ಬಾರದಂತೆ.

ಮರುದಿನ ಕೂದಲಿನ ಉಂಡೆ. ಅದರ ಮರುದಿನ ಕೊಳೆತ ಜಿಡ್ಡು. ಮೂಗು ಮುಚ್ಚಿಕೊಂಡೇ ಓದಿದಳು. ಅವನು ಕೊಟ್ಟ ಪೆನ್ಸಿಲನ್ನು ಕರ್ಚೀಫಿನಲ್ಲಿ ಒರೆಸಿದಳು. ಆದರೂ ಪೈಪಿನಿಂದ ಇಲಿಯನ್ನು ಎಳೆದ ಬಗೆಯನ್ನು ಅವನು ಕೈಬಾಯಿ ಆಡಿಸಿ ಹೇಳಿದಾಗ ನಗು ತಡೆಯಲಾಗಲಿಲ್ಲ.

'ಛೆ! ಇವನ ಮುಂದೆ ನಕ್ಕೆನಲ್ಲ...'

ಆ ಸಿಟ್ಟಿಗೇ ಟೀಚರ್ ಹತ್ತಿರ ಹೋದಳು. "ಜೋಡಿ ಬದಲಾಯಿಸಿ ಮೇಡಂ. ಅವರ ಪಕ್ಕ ಕೂತ್ರೆ ವಾಕರಿಕೆ ಬರುತ್ತೆ."

ತಿರುಗಿದರೆ, ಬಾಗಿಲಲ್ಲಿ ಅವನು!

ಮರುದಿನ ಅವನ ಗೆಣ್ಣುಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಮೈಯೆಲ್ಲ ಸೋಪಿನ ವಾಸನೆ. ನೋಟ್‌ಬುಕ್ಕಿನಲ್ಲಿ 'ಚಿಚೆಕ್ಲೆರ್ ಗ್ಯುಜೆಲ್', ಹೂವುಗಳು ಚೆನ್ನಾಗಿವೆ. ಆಕಾಶ ನೀಲಿಯಾಗಿದೆ. ಐದೂ ಪುಸ್ತಕದಿಂದ ಇಳಿಸಿದ್ದು.

"ನಾಳೆಯಿಂದ ಬೆಳಗಿನ ಬ್ಯಾಚಿಗೆ ಹೋಗ್ತೀನಿ. ನಿಮಗೆ ತೊಂದ್ರೆ ಬೇಡ."

ಈ ಸಲ ಅವಳಿಗೆ ಅಸಹ್ಯವಾದದ್ದು ತನ್ನನ್ನೇ ಕಂಡು. ಹೂವು, ಬಿಸಿ ಕಾಫಿ ಎಂದು ಇಷ್ಟು ದಿನ ತಾನು ಬರೆದದ್ದೂ ಸುಳ್ಳೇ. ಹಲ್ಲಿನ ಆಸ್ಪತ್ರೆಯಲ್ಲಿ ಅವಳ ಕೆಲಸವೇನು? ಕಂಡವರು ಉಗಿದ ಬೇಸಿನ್ನು ತೊಳೆಯುವುದು! ಅದನ್ನು ಯಾರಿಗೂ ಹೇಳಿರಲಿಲ್ಲ. ಅವನು ಮಾತ್ರ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಂಥವನ ಬಾಯಿಗೂ ತಾನೇ ಸುಳ್ಳು ತುರುಕಿದ್ದಳು.

ಮರುದಿನ ಬೆಳಗ್ಗೆ ಕೆಲಸಕ್ಕೆ ರಜೆ ಹಾಕಿ ತರಗತಿಯ ಮೆಟ್ಟಿಲಲ್ಲಿ ಕಾದಳು. ಅವನು ಕೆಲಸದಿಂದ ನೇರವಾಗಿ ಬಂದಿದ್ದ, ಬೂಟಿನ ತುಂಬ ಕೆಸರು. ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಅದು ಅವಳ ಎದೆಗೆ ಚುಚ್ಚಿತು.

"ಓದಿ," ಎಂದು ನೋಟ್‌ಬುಕ್ ಚಾಚಿದಳು.

"ಬುಗ್ಯೂನ್... ಅಲ್ಲ, ದ್ಯುನ್ ಒತುಜ್ ಕಿಶಿ ತ್ಯುಕ್ಯುರ್ದ್ಯು. ಬೆನ್ ತೆಮಿಜ್ಲೆದಿಮ್." ಅವನು ನಿಧಾನವಾಗಿ ತಲೆಯೆತ್ತಿದ. "ನಿನ್ನೆ ಮೂವತ್ತು ಜನ ಉಗಿದರು. ನಾನು ತೊಳೆದೆ... ನೀವಾ?!"

"ನಾನೇ. ಹಲ್ಲಿನ ಆಸ್ಪತ್ರೇಲಿ ಬೇಸಿನ್ ತೊಳೀತೀನಿ. ವಾಕರಿಕೆ ಬಂತಾ?"

"ಸ್ವಲ್ಪ," ಎಂದು ಅವನು ನಕ್ಕುಬಿಟ್ಟ.

ಅವಳ ಕಣ್ಣು ತುಂಬಿ ಬಂತು. "ತಪ್ಪಾಯ್ತು ಕಣ್ರೀ... ನಿಮ್ಮ ಇಲಿ ಇಲ್ದೆ ಸಂಜೆ ಕಳೆಯೋಕಾಗಲ್ಲ. ನೀವು ಇಷ್ಟ ನಂಗೆ. ಕೊನೇ ವಾಕ್ಯಾನೂ ಓದಿ."

"ಎಲಿನಿ ವೆರ್," ಎಂದು ಅವನು ಓದಿದ. ಕೈ ಕೊಡು.

ಅವನು ಕೈಯನ್ನು ಬೆನ್ನ ಹಿಂದೆ ಅಡಗಿಸಿದ. "ಇನ್ನೂ ತೊಳೆದಿಲ್ಲ..."

"ಗೊತ್ತು. ಕೊಡಿ. ಆಮೇಲೆ ಇಬ್ರೂ ಒಟ್ಟಿಗೆ ತೊಳೆಯೋಣ."