ಪಿಎಸ್‌ಐ ನಾನೂರ ಹದಿನೇಳು

ಜೋಡಿ ನಳಿಗೆಯ ಕೋವಿ. ಎರಡೂ ನಳಿಗೆ ನನ್ನ ಮೂಗಿನ ನೇರಕ್ಕೆ!

ಹಿಡಿದವನು ಸಬ್ ಇನ್ಸ್‌ಪೆಕ್ಟರ್. ಖಾಕಿ, ಟೋಪಿ, ಹೆಗಲ ಮೇಲೆ ಎರಡೆರಡು ನಕ್ಷತ್ರ.

"ಜೀಪ್ ಹಿಂದಕ್ಕೆ ತಗೊಳ್ಳೋ!" ಎಂದು ಗುಡುಗಿದ.

"ರಿವರ್ಸ್ ಬೀಳಲ್ಲ ಸಾರ್... ಹೋದ ಮಳೆಗಾಲದಿಂದ," ಎಂದ ನನ್ನ ಡ್ರೈವರ್ ಗುರುವಯ್ಯ.

ನಿಜ ಹೇಳುತ್ತೇನೆ ಕೇಳಿ. ಆ ಹೊತ್ತಿನಲ್ಲಿ ನನಗೆ ಅಜ್ಜಿ ನೆನಪಾದಳು. "ವೇಷ ಹಾಕಿದ ರಕ್ಕಸನಿಗೆ ಹೆದರ್ಬೇಡ ಮಗಾ. ಬಾಲ ಮುಚ್ಚೋದು ಮರ್ತಿರ್ತಾನೆ" ಎನ್ನುತ್ತಿದ್ದಳು.

ನಾನು ಬಾಲ ಹುಡುಕತೊಡಗಿದೆ.

ನಾನು ಮಾಲವಿಕಾ. ಮೂಡಿಗೆರೆಯಲ್ಲಿ ಆಫೀಸು. ಕೋರ್ಟು, ಠಾಣೆ, ತಾಲ್ಲೂಕು ಕಚೇರಿ... ಯಾರು ಎಲ್ಲಿ ಸಿಕ್ಕಿಕೊಂಡರೂ ಬಿಡಿಸುವುದು ನನ್ನ ಕಸುಬು. ಆವತ್ತು ಸಿಕ್ಕಿಕೊಂಡವರು ಜಾವಳಿಯ ಓಂಕಾರಪ್ಪನವರು.

ತೊಂಬತ್ತೊಂಬತ್ತರ ಎಲೆಕ್ಷನ್. ಚುನಾವಣೆ ಬಂತೆಂದರೆ ನಮ್ಮ ಕಡೆ ಪ್ಲಾಂಟರುಗಳೆಲ್ಲ ತಮ್ಮ ಕೋವಿ ಒಯ್ದು ಠಾಣೆಯಲ್ಲಿ ಇಡಬೇಕು. ಈ ಸಲ ಪಿಎಸ್‌ಐ ಸಾಹೇಬರೇ ಮನೆಬಾಗಿಲಿಗೆ ಬಂದರು! "ಮಳೇಲಿ ನೀವ್ಯಾಕೆ ಒದ್ದಾಡ್ತೀರಿ" ಎಂದರು. ಎರಡು ಲೋಟ ಕಾಫಿ ಕುಡಿದರು. ಕೋವಿ ಜೀಪಿಗೆ ಹಾಕಿಕೊಂಡು ಕಳಸದ ಕಡೆ ಹೋದರು. ರಸೀದಿ ಆಮೇಲೆ!

ಓಂಕಾರಪ್ಪನವರು ಠಾಣೆಗೆ ಫೋನ್ ಮಾಡಿದರು. ಅಲ್ಲಿಂದ ಯಾರನ್ನೂ ಕಳಿಸಿರಲೇ ಇಲ್ಲ.

"ಲೈಸೆನ್ಸ್ ನನ್ನ ಹೆಸರಲ್ಲಿದೆ ಮಾರಾಯ್ತಿ! ಆ ಕೋವೀಲಿ ಯಾರಾದ್ರೂ ಸತ್ರೆ ಜೈಲಿಗೆ ಹೋಗೋದು ನಾನು!" ಮರುನಿಮಿಷ ನನಗೆ ಫೋನ್ ಮಾಡಿ ಕೂಗಾಡಿದರು.

ಗುರುವಯ್ಯನ ಜೀಪು ಹತ್ತಿ ಬೆನ್ನಟ್ಟಿದೆ. ಕೊಟ್ಟಿಗೆಹಾರ ದಾಟಿದೆವು. ಬಾಳೂರಿನ ತಿರುವುಗಳಲ್ಲಿ ಅವನ ಜೀಪು ಕಂಡಿತು. ಗುರುವಯ್ಯ ಆಕ್ಸಿಲರೇಟರ್ ಮೇಲೆ ನಿಂತೇಬಿಟ್ಟ! ಒಂದು ತಿರುವು... ಇನ್ನೊಂದು... ಮೂರನೆಯದರಲ್ಲಿ ರಸ್ತೆಗಡ್ಡ ಸಿಲ್ವರ್ ಓಕ್ ಬಿದ್ದಿತ್ತು. ಎಸ್ಟೇಟಿನ ಹೆಣ್ಣಾಳುಗಳು ರೆಂಬೆ ಕಡಿಯುತ್ತಿದ್ದರು. ದಾರಿ ಬಂದ್! ಅವನು ಕೋವಿಯೊಂದಿಗೆ ಇಳಿದ.

ಹೀಗೆ ಬಂತು ನನ್ನ ಮೂಗಿಗೆ ನಳಿಗೆ.

"ಡ್ಯೂಟಿಗೆ ಅಡ್ಡ ಬರ್ತೀಯಾ? ಒಳಗೆ ಹಾಕ್ತೀನಿ!"

"ಹಾಕಿ ಸಾರ್. ಯಾರು ಹಾಕಿದ್ದು ಅಂತ ಲಾಯರಿಗೆ ಹೇಳ್ಬೇಕಲ್ಲ?"

"ಪಿಎಸ್‌ಐ ಅನ್ನು!"

"ಎದೆ ಮೇಲೆ ಏನೋ ಬಿಲ್ಲೆ ಇದ್ಯಲ್ಲ ಸಾರ್..."

ಅವನು ಬಗ್ಗಿ ನೋಡಿಕೊಂಡ. "ನಾನೂರ ಹದಿನೇಳು! ಬರ್ಕೋ!"

ಸಿಕ್ಕಿತು ಬಾಲ!

ನಂಬರ್ ಇರುವುದು ಕಾನ್‌ಸ್ಟೇಬಲ್‌ಗೆ. ಪಿಎಸ್‌ಐ ಎದೆಯ ಮೇಲೆ ಬರೀ ಹೆಸರು. ಈ ಮಹಾನುಭಾವ ಯಾರದೋ ಯೂನಿಫಾರಂಗೆ ನಕ್ಷತ್ರ ಸಿಕ್ಕಿಸಿದ್ದ... ನಂಬರ್ ಕೀಳುವುದನ್ನು ಮರೆತಿದ್ದ!

"ಏನಂದೆ?" ಅವನ ಹಿಂದಿನಿಂದ ಒಂದು ದನಿ. ಹೆಣ್ಣಾಳುಗಳ ಮುಂದಾಳು ನಂಜಮ್ಮ. ಕೈಯಲ್ಲಿ ಕತ್ತಿ, ಮೈಮೇಲೆ ಮಳೆಗೆ ಹೊದ್ದ ಗೊರಬು. "ನಾನೂರ ಹದಿನೇಳಾ?"

"ಹೌದು! ಏನೀಗ?"

"ಅದು ನನ್ನ ಅಳಿಯನ ನಂಬ್ರ ಕಣೋ! ಕಳಸದ ಲಕ್ಕಯ್ಯಂದು!"

ನಮ್ಮ ಕಡೆ ಪೇದೆಯನ್ನು ಹೆಸರು ಹಿಡಿದು ಯಾರು ಕರೆಯುತ್ತಾರೆ? ನಾನೂರ ಹದಿನೇಳು ಬಂದ, ನಾನೂರ ಹದಿನೇಳು ಹೋದ. ಅತ್ತೆಗೂ ನಂಬರೇ ಬಾಯಿಪಾಠ!

"ಒಣಗ್‌ಹಾಕಿದ್ದ ಯೂನಿಫಾರಂ ಹೋಯ್ತು ಅಂತ ಮೂರು ದಿನದಿಂದ ನನ್ನ ಮಗಳು ಬೈಸ್ಕೊಳ್ತಿದಾಳೆ! ನೀನ್ಯಾವಾಗ್ಲೋ ಅವಳನ್ನ ಕಟ್ಕೊಂಡಿದ್ದು?"

ಅವನು ಕೋವಿಯನ್ನು ಅವಳತ್ತ ತಿರುಗಿಸಿದ.

ನಾನು ನಳಿಗೆಗೆ ಜೋತುಬಿದ್ದೆ.

ಢಂ!

ಗುರುವಯ್ಯನ ಹೆಡ್‌ಲೈಟ್ ಚೂರುಚೂರು. ಮರುಕ್ಷಣ ನಂಜಮ್ಮನ ಗೊರಬು ಅವನ ತಲೆಯ ಮೇಲೆ ಕವುಚಿಕೊಂಡಿತು. ಅದರ ಮೇಲೆ ಹನ್ನೆರಡು ಜನ ಹೆಂಗಸರು!

"ಯೂನಿಫಾರಂ ಹರೀಬೇಡ್ರೇ!" ನಂಜಮ್ಮ ಕಿರುಚಿದಳು. "ಅಳಿಯನಿಗೆ ಇರೋದೇ ಎರಡು ಜೊತೆ!"

ಅವನ ಜೀಪಿನಲ್ಲಿ ಇನ್ನೂ ನಾಲ್ಕು ಕೋವಿ ಸಿಕ್ಕವು. ಎಲ್ಲವನ್ನೂ, ಅವನ ಸಮೇತ, ಠಾಣೆಗೆ ಮುಟ್ಟಿಸಿದೆ.

ಸಂಜೆ ಓಂಕಾರಪ್ಪನವರಿಗೆ ರಸೀದಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು. ಸೀಲು ಮೂಸಿದರು.

"ಕೋವಿ?"

"ಎಲೆಕ್ಷನ್ ಮುಗಿಯೋವರೆಗೆ ಠಾಣೇಲಿ. ಪಿಎಸ್‌ಐ ಬೀಗ ಹಾಕಿದ್ರು."

"ಅಲ್ಲ ಮಾರಾಯ್ತಿ... ಈ ಪಿಎಸ್‌ಐ ಅಸಲಿ ಅಂತ ಏನು ಗ್ಯಾರಂಟಿ?"

"ಅಸಲಿನೇ ಸಾರ್. ಒಂದು ಸೈನ್ ಹಾಕೋಕೆ ಮೂರು ಗಂಟೆ ಕಾಯಿಸಿದ್ರು!"