ಕಲೇಜಿಯ ನೀರುಗುಳ್ಳೆ

"ನಾಯಿಗೆ ಹಾಕಬ್ಯಾಡ್ರೀ ಮಾಸ್ತರ್ರ, ಅದರಾಗ ಮಾಟದ ನೀರು ಐತಿ. ನಾಯಿ ತಿಂದ್ರ ಮನಿ ಮಂದೀನ ಹಿಡೀತೈತಿ," ಎಂದು ಕುರಿಗಾರರ ಮುದುಕಿ ಪಾರ್ವತೆಮ್ಮ ಕೈಚಾಚಿದಳು. ದೇವಿಗೆ ಕೊಯ್ದ ಟಗರಿನ ಕಲೇಜಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಬೆಳ್ಳನೆಯ ನೀರುಗುಳ್ಳೆ ಕಂಡರೆ ಆ ಕುರಿಗಾರರ ಮನೆಯಲ್ಲಿ ಅದಕ್ಕೆ ಉಪ್ಪು ಸುರಿದು, ಆಳಕ್ಕೆ ಹೂತು, ಮೇಲೊಂದು ಬಂಡೆ ಹೇರುತ್ತಿದ್ದರು. ಮುದಗಲ್ಲಿನಿಂದ ಬಳಗಾನೂರಿಗೆ ವರ್ಗವಾಗಿ ಬಂದು ಅವಳ ಮನೆಯಲ್ಲೇ ಬಾಡಿಗೆಗಿದ್ದ ಶಾಲಾ ಮಾಸ್ತರ ಹನುಮಂತರಾಯನಿಗೆ ನಗು ತಡೆಯಲಾಗಲಿಲ್ಲ.

"ಮಾಟ ಕಲೇಜಿಯೊಳಗ ಕುಂತೈತೇನಬೇ ಯವ್ವಾ?" ಎಂದವನೇ ಕೈಯಲ್ಲಿದ್ದ ಕಲೇಜಿಯನ್ನು ತನ್ನ ಸಾಕುನಾಯಿಗೆ ಎಸೆದುಬಿಟ್ಟ. ಅಯ್ಯೋ, ಎಂಥ ಉಡಾಫೆ! ಆ ನಾಯಿ ಅವನ ಹೆಂಡತಿ ಮಹೇಶ್ವರಿಯ ತೊಡೆಯ ಮೇಲೇ ಮಲಗುತ್ತಿತ್ತು, ಅವಳ ಕೈಬೆರಳು ನೆಕ್ಕುತ್ತಿತ್ತು.

ವರ್ಷಗಳು ಉರುಳಿದವು. ಒಂದು ದಿನ ಮಹೇಶ್ವರಿ ಹಿಟ್ಟು ನಾದುತ್ತಿದ್ದವಳು ಚೀರಿ ಕುಸಿದಳು. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂಥ ನೋವು. ಮಸ್ಕಿಯ ಸೂಜಿ, ಲಿಂಗಸುಗೂರಿನ ಗುಳಿಗೆ, ಯಾವುದಕ್ಕೂ ಜಗ್ಗಲಿಲ್ಲ. ಕಾಲು ಒಣಗತೊಡಗಿತು. ಕರೆಂಟು ಹೋದ ಸಂಜೆಗಳಲ್ಲಿ ಕುರಿಹಿಕ್ಕೆಯ ಹಸಿ ನಾತ, ಲೋಬಾನದ ಹೊಗೆ, ಕತ್ತಲೆಯಲ್ಲಿ ಅವಳ ನರಳಾಟ.

"ಒಳಗ ಏನೋ ಕುಂತು ಕಡಿಯಾಕತ್ತೈತಿ ರೀ..."

ಅವಳನ್ನು ಸಿಂಧನೂರಿನ ಆಸ್ಪತ್ರೆಗೆ ಸೇರಿಸಿ, ಬಟ್ಟೆ ಒಯ್ಯಲು ಮನೆಗೆ ಬಂದ ಹನುಮಂತರಾಯನ ತಲೆ ಕೆಟ್ಟುಹೋಗಿತ್ತು. ಹೆಂಡತಿಯ ಕಾಲು ಕಣ್ಣೆದುರೇ ಸಾಯುತ್ತಿತ್ತು. ಮಾಟವೆಂದರೆ ನಗುತ್ತಿದ್ದವನು ನೇರ ಮುದುಕಿಯ ಬಾಗಿಲಿಗೆ ನುಗ್ಗಿದ.

"ನೀನಽ ಮಾಡ್ಸೀದಿ! ನಾ ನಕ್ಕಿದ್ದಕ್ಕ ಸೇಡು ತೀರಿಸ್ಕೊಂಡಿ!"

"ನಮ್ಮಪ್ಪಾ, ಆಕಿ ನನ್ನ ಮಗಳಿದ್ದಂಗ..."

ಓಣಿಯ ಜನ ಸೇರಿದರು. ಯಾರೋ ಕಲ್ಲೆತ್ತಿದರು. ಮುದುಕಿ ಓಡಿದಳು. ಬರಿಗಾಲು. ಮಬ್ಬುಗತ್ತಲು. ಕಾಲುವೆಯ ಏರಿ. ಕಾಲು ಜಾರಿತು. ನೀರು ದುಡುಂ ಎಂದಿತು. ಆಮೇಲೆ ಸದ್ದೇ ಇಲ್ಲ.

ಮರುದಿನ ಡಾಕ್ಟರು ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದರು. ಬೆನ್ನೆಲುಬಿನೊಳಗೆ ಬೆಳ್ಳನೆಯ ಗುಳ್ಳೆಗಳು, ಗೊಂಚಲು ಗೊಂಚಲು.

"ಹುಳದ ಗೂಡು ಇದು. ಇಂಥ ಗುಳ್ಳಿ ಇರೋ ಕುರಿ ಕಲೇಜಿ ನಾಯಿ ತಿಂದ್ರ ಅದರ ಹೊಟ್ಟ್ಯಾಗ ಹುಳ ಆಗ್ತಾವ. ಅವುಗಳ ತತ್ತಿ ನಾಯಿ ಮೈಯಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ. ಕಾಲಿನ ನರ ಒತ್ತಿ ಹಿಡದಾವ. ತಗೀತೀವಿ. ಆದ್ರ ಕಾಲು ಬರೋದು ಕಷ್ಟ."

ಹನುಮಂತರಾಯನಿಗೆ ಈಗ ತಿಳಿಯಿತು. ಮುದುಕಿ ಬೇಡಬೇಡವೆಂದು ಕೈಚಾಚಿದ್ದು ಇದಕ್ಕೇ.

ಆಪರೇಷನ್ ಮುಗಿದು ಮಹೇಶ್ವರಿ ಕಣ್ಣು ತೆರೆದಳು. ಊರಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಗಂಡನ ಕೈ ಹಿಡಿದು, "ಪಾರ್ವತೆವ್ವಗ ಒಂದು ಫೋನ್ ಹಚ್ಚಿ ಕೊಡ್ರಿ," ಎಂದಳು. "ನಾ ಉಳದೀನಿ ಅಂತ ಹೇಳತೀನಿ. ಪಾಪ, ಉಣ್ಣದ ಕುಂತಿರತಾಳ ಮುದುಕಿ."