ಮತ್ತೆ ಇಳಿದ ಗಾಳಿ

"ನಂಗೆ ಪಾಠ ಬೇಡ, ಗಾಳಿ ಬೇಕು! ಅಲ್ಲೊಬ್ರು ನೋವಲ್ಲಿ ಒದ್ದಾಡ್ತಿದ್ದಾರೆ!"

ನರ್ಸ್ ಕೂಗಿದ ರಭಸಕ್ಕೆ ಸೈಕಲ್ ಅಂಗಡಿಯವನು ತಲೆ ಎತ್ತಿದ. ಹೆಗಲಲ್ಲಿ ಔಷಧಿಯ ಚೀಲ, ಬೆವರಿಗೆ ಅಂಟಿದ ಮುಂಗುರುಳು... ಸಿಟ್ಟಿನಲ್ಲೂ ಅವಳ ಕಣ್ಣು ತುಂಬಿತ್ತು.

"ಪ್ಯಾಚ್ ಹಾಕಿ ಕಳಿಸ್ಬಹುದು ಮೇಡಂ. ಯಾಕೆ ಪಂಕ್ಚರ್ ಆಯ್ತು ಅಂತ ನೋಡದಿದ್ರೆ ನಾಳೆ ಮತ್ತೆ ತಳ್ಕೊಂಡು ಬರ್ತೀರಿ."

ಅವನು ಟ್ಯೂಬನ್ನು ಟೈರಿನ ಪಕ್ಕಕ್ಕಿಟ್ಟು, ತೂತು ಎಲ್ಲಿದೆಯೋ ಟೈರಿನ ಅದೇ ಜಾಗದ ಒಳಗೆ ಬೆರಳಾಡಿಸಿದ. ಕೂದಲೆಳೆಯಷ್ಟು ತಂತಿ ಸಿಕ್ಕಿತು. ಬೆರಳ ತುದಿಯಲ್ಲಿ ರಕ್ತ ಜಿನುಗಿತು.

'ನಾನು ಬೈದೆ. ಇವನು ರಕ್ತ ಸುರಿಸಿದ...' ಅವಳಿಗೆ ನಾಚಿಕೆಯಾಯಿತು. ಚೀಲದಿಂದ ಹತ್ತಿ ತೆಗೆದು ತಾನೇ ಒತ್ತಿ ಹಿಡಿದಳು.

ಇನ್ನು ವಾಸಿಯಾಗುವುದಿಲ್ಲ ಎಂದು ಮನೆಗೆ ಕಳಿಸಿದ ರೋಗಿಗಳಿಗೆ ನೋವಿನ ಇಂಜೆಕ್ಷನ್ ಕೊಡುವುದು ಅವಳ ಕೆಲಸ. ಒಂದು ಬೀದಿಯಿಂದ ಇನ್ನೊಂದಕ್ಕೆ ಸೈಕಲ್ಲೇ ಗತಿ.

ಮುಂದಿನ ಸಲ ಚಕ್ರದ ಕಡ್ಡಿಯ ತುದಿ ಟ್ಯೂಬಿಗೆ ಚುಚ್ಚುತ್ತಿತ್ತು. ಅವನು ರಿಮ್ಮಿಗೆ ಹೊಸ ಪಟ್ಟಿ ಸುತ್ತಿದ. "ಗಾಳಿ ಕಮ್ಮಿ ಇದ್ದಾಗ ಸೈಕಲ್ ಹೊಡೀಬೇಡಿ, ಟ್ಯೂಬ್ ಜಜ್ಜಿ ಹೋಗುತ್ತೆ. ದಿನಾ ನೋಡ್ಕೊಳ್ಳಿ."

ದಿನಾ ನೋಡಿಕೊಳ್ಳುವ ನೆಪದಲ್ಲಿ ಅವಳು ದಿನಾ ಅಲ್ಲಿ ನಿಲ್ಲತೊಡಗಿದಳು. ಗಾಳಿ ಸರಿಯಾಗಿದ್ದರೂ!

ಆದರೆ ಪಂಕ್ಚರ್ ನಿಲ್ಲಲಿಲ್ಲ. ಒಮ್ಮೆ ಅವನು ಟ್ಯೂಬಿನ ತೂತನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮನೇಲಿ ಸೈಕಲ್ ಎಲ್ಲಿ ನಿಲ್ಲಿಸ್ತೀರಿ? ಯಾರಾದ್ರೂ ಮುಟ್ತಾರಾ?"

"ಮನೇಲಿರೋದು ನಾನು, ಅಮ್ಮ ಇಬ್ರೇ. ಏನರ್ಥ ನಿಮ್ಮ ಮಾತಿಗೆ?"

"ಏನಿಲ್ಲ ಬಿಡಿ..."

ಅದಾದ ಕೆಲವೇ ದಿನಕ್ಕೆ ಅನಾಹುತ ನಡೆಯಿತು. ಹಾಸಿಗೆ ಹಿಡಿದಿದ್ದ ಮೇಷ್ಟ್ರ ಮನೆಗೆ ಹೊರಟವಳ ಸೈಕಲ್ ಅರ್ಧ ದಾರಿಯಲ್ಲಿ ಕುಸಿಯಿತು. ಅದನ್ನು ಅಲ್ಲೇ ಬಿಟ್ಟು ಓಡಿದಳು. ಮೆಟ್ಟಿಲು ಹತ್ತುವಾಗಲೇ ಅಳು ಕೇಳಿಸಿತು.

"ಕೊನೇವರೆಗೂ ನಿನ್ನೇ ಕೂಗ್ತಿದ್ರಮ್ಮ..." ಎಂದರು ಅವರ ಹೆಂಡತಿ.

"ಯಾಕೆ ತಡ ಆಯ್ತು?" ಮೇಷ್ಟ್ರ ಮಕ್ಕಳಿಬ್ಬರೂ ಮೈಮೇಲೆ ಏರಿ ಬಂದರು.

ತಪ್ಪಿನ ಭಾರ ತಡೆಯಲಾಗದೆ ಅವಳ ಬಾಯಿಂದ ಮಾತು ಜಾರಿತು. "ಆ ಸೈಕಲ್ ಅಂಗಡಿಯವನು... ಗಿರಾಕಿ ಬರ್ಲಿ ಅಂತ ಅವನೇ ದಾರೀಲಿ ಮೊಳೆ ಎಸೀತಾನೆ!"

ಸಂಜೆಯೊಳಗೆ ಅಂಗಡಿ ಪುಡಿಪುಡಿಯಾಯಿತು. ಅವನ ಬಲಗೈ ಮುರಿಯಿತು. ಅವನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಅವಳು ಬೇರೆಲ್ಲೋ ರಿಪೇರಿ ಮಾಡಿಸಿ, ಬೇರೆ ದಾರಿ ಹಿಡಿದಳು. ಆದರೂ ಮತ್ತೆ ಗಾಳಿ ಇಳಿಯಿತು!

'ಅಂಗಡಿಯೇ ಇಲ್ಲ... ಹಾಗಾದರೆ ಮೊಳೆ ಎಸೆದವರು ಯಾರು?'

ಅವನು ಮಾಡಿದಂತೆಯೇ ಟೈರ್ ಬಿಚ್ಚಿ ಬೆರಳಾಡಿಸಿದಳು. ತೂತು ನೆಲ ಮುಟ್ಟುವ ಕಡೆ ಇರಲಿಲ್ಲ, ಪಕ್ಕದಲ್ಲಿತ್ತು. ಅಲ್ಲೇ ಮುರಿದು ಉಳಿದಿತ್ತು... ಹೊಲಿಗೆ ಸೂಜಿಯ ತುದಿ.

ಮನೆಯಲ್ಲಿ ಹೊಲಿಯುವವಳು ಅಮ್ಮ ಒಬ್ಬಳೇ.

"ಅಮ್ಮಾ... ನೀನಾ?"

ಅಮ್ಮ ಗೋಡೆಗೆ ಒರಗಿ ಕುಸಿದಳು. "ನಿಮ್ಮಪ್ಪನೂ ಸೈಕಲ್ ಹತ್ತಿ ಹೋದೋರೇ. ಹೆಣವಾಗಿ ಬಂದ್ರು. ಗಾಳಿ ಇಲ್ದಿದ್ರೆ ನೀನು ಹೋಗಲ್ಲ ಅಂದ್ಕೊಂಡೆ ಕಣೇ... ದಾರೀಲಿ ಹೋಗ್ತಾ ಇಳಿಯುತ್ತೆ ಅಂತ ನಂಗೇನು ಗೊತ್ತು?"

"ಒಬ್ರು ಕೂಗ್ತಾ ಕೂಗ್ತಾ ಸತ್ರಮ್ಮಾ!"

ಬೈಯಲೂ ಆಗಲಿಲ್ಲ, ಅಪ್ಪಿಕೊಳ್ಳಲೂ ಆಗಲಿಲ್ಲ.

ಅವಳು ಮೊದಲು ಹೋಗಿದ್ದು ಮೇಷ್ಟ್ರ ಮನೆಗೆ. "ಸೈಕಲ್ ಅಂಗಡಿಯವರದ್ದೇನೂ ತಪ್ಪಿಲ್ಲ. ನಮ್ಮ ಮನೇಲೇ ಆಗಿದ್ದು. ನಾನು ಸುಳ್ಳು ಹೇಳಿ ಹೊಡೆಸಿದೆ."

ದೊಡ್ಡ ಮಗ ಅವಳ ಮುಖಕ್ಕೇ ಬಾಗಿಲು ಹಾಕಿದ.

ಆಮೇಲೆ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಪ್ಲಾಸ್ಟರ್ ಹಾಕಿದ ಕೈ ತೊಡೆಯ ಮೇಲಿಟ್ಟುಕೊಂಡು ಅವನು ಕೂತಿದ್ದ.

"ನಿಮಗೆ... ಗೊತ್ತಿತ್ತಾ?"

"ರಸ್ತೆ ಮೊಳೆ ಪಕ್ಕದಿಂದ ಚುಚ್ಚಲ್ಲ. ಗೊತ್ತಿತ್ತು."

"ಹೊಡೀವಾಗಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವರು ನಿಮ್ಮ ಅಮ್ಮನ ಹತ್ರ ಬರ್ತಿದ್ರು."

ಅವಳು ಅವನ ಕಾಲ ಬಳಿ ಕುಸಿದು ಬಿಕ್ಕಿದಳು. "ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ..."

"ಅಳ್ಬೇಡಿ. ನಂದೂ ಪಾಪ ಇದೆ. ಅವತ್ತೇ ಬಿಡಿಸಿ ಹೇಳಿದ್ರೆ ಮೇಷ್ಟ್ರು ನೋವಿಲ್ಲದೆ ಹೋಗ್ತಿದ್ರು." ಅವನು ಪ್ಲಾಸ್ಟರ್ ಹಾಕಿದ ಕೈಯನ್ನೇ ನೋಡುತ್ತ ಹೇಳಿದ. "ಅಮ್ಮನ ಮೇಲೆ ಬೆರಳು ತೋರಿಸಿದ್ರೆ ನೀವು ಮತ್ತೆ ಈ ಕಡೆ ತಲೆ ಹಾಕಲ್ಲ ಅಂತ ಹೆದರಿದೆ. ನಿಮ್ಮನ್ನ ನೋಡದೆ ಇರೋಕೆ... ಆಗ್ತಿರಲಿಲ್ಲ."

ಆ ಸಾವು ಇಬ್ಬರ ನಡುವೆ ಕೂತಿತ್ತು. ಎಷ್ಟು ಅತ್ತರೂ ಅದು ಎದ್ದು ಹೋಗುವಂಥದ್ದಲ್ಲ.

"ಊಟ ಆಯ್ತಾ?" ಕಣ್ಣೊರೆಸಿಕೊಂಡು ಕೇಳಿದಳು.

"ಎಡಗೈಲಿ ಸರಿಯಾಗಿ ಆಗಲ್ಲ."

ಮೂಲೆಯಲ್ಲಿ ಮುಚ್ಚಿಟ್ಟಿದ್ದ ತಟ್ಟೆ ತಂದು, ಕೈ ತೊಳೆದು, ಮೊದಲ ತುತ್ತು ಅವನ ಬಾಯಿಗಿಟ್ಟಳು. ಅವನ ಕಣ್ಣಿಂದ ಹನಿಯೊಂದು ಅವಳ ಕೈಮೇಲೆ ಬಿತ್ತು.

"ಅಮ್ಮ ಒಬ್ರೇ ಇದ್ದಾರೆ. ಹೋಗಿ ನೀವು..."

"ಹೋಗ್ತೀನಿ. ನೀವೂ ಬರ್ಬೇಕು."

"ನಾನ್ಯಾಕೆ?"

"ಅಮ್ಮ ನಿಮ್ಮ ಮುಖ ನೋಡ್ಬೇಕು. ಆಮೇಲೆ..." ಅವಳು ಇನ್ನೊಂದು ತುತ್ತು ಕಲಸಿದಳು. "ನಾನೂ ನೋಡ್ಬೇಕು. ದಿನಾ."

"ದಿನಾನಾ?"

"ಹೂಂ... ದಿನಾ. ಈಗ ಬಾಯಿ ತೆಗೀರಿ."